ಹಾಲೇಶಪ್ಪನ ತೊಡೆಯ ಮೇಲಿನ ಡಬ್ಬಿ

ಎರಡು ಸಾವಿರದ ಇಸವಿಯ ಆಚೀಚೆ ಕೂಡ್ಲಿಗಿಯಿಂದ ಬೆಂಗಳೂರಿಗೆ ಬೆಳಗಿನ ಬಸ್ಸು ಹತ್ತಿದವರು ಹಾಲೇಶಪ್ಪನನ್ನು ನೋಡದೆ ಇರಲು ಸಾಧ್ಯವಿಲ್ಲ. ಡ್ರೈವರನ ಹಿಂದಿನ ಸೀಟು, ಕಿಟಕಿಯ ಪಕ್ಕ, ತೊಡೆಯ ಮೇಲೆ ನೀಲಿ ಬಣ್ಣದ ಐಸ್ ಡಬ್ಬಿ, ಮುಚ್ಚಿದ ಕಣ್ಣು. ಮನುಷ್ಯ ಗಾಢ ನಿದ್ದೆಯಲ್ಲಿದ್ದಾನೆ ಅನ್ನಿಸುತ್ತಿತ್ತು. ಆದರೆ ಯಾರಾದರೂ ಆ ಡಬ್ಬಿಗೆ ಚೀಲ ತಾಗಿಸಿದರೆ ಸಾಕು, ಒಂದು ಕಣ್ಣು ತಟ್ಟನೆ ತೆರೆದುಕೊಳ್ಳುತ್ತಿತ್ತು. ಇನ್ನೊಂದು ಕಣ್ಣು ಹಾಗೇ ಕನಸು ಕಾಣುತ್ತಿತ್ತು ಎಂದು ಕಂಡಕ್ಟರ್ ಎಲ್ಲರಿಗೂ ಹೇಳಿ ನಗುತ್ತಿದ್ದ.

ಅವನು ಸರ್ಕಾರಿ ಆಸ್ಪತ್ರೆಯ ಅಟೆಂಡರ್. ಊರು ಹರಪನಹಳ್ಳಿ ಕಡೆ, ಬಾಳು ಕೂಡ್ಲಿಗಿಯಲ್ಲಿ. ಡಬ್ಬಿಯಲ್ಲಿ ಇರುತ್ತಿದ್ದದ್ದು, ಹೇಳಿದರೆ ಮೂಗು ಮುಚ್ಚಿಕೊಳ್ಳುತ್ತೀರಿ, ಯಾವುದೋ ಹಳ್ಳಿಯ ಯಾವುದೋ ಮಗುವಿನ ಮಲ. ಮಕ್ಕಳ ಕೈಯೋ ಕಾಲೋ ಇದ್ದಕ್ಕಿದ್ದಂತೆ ಸೋತು ಬಿದ್ದರೆ, ಅದು ಪೋಲಿಯೊ ಅಲ್ಲವೆಂದು ಡಾಕ್ಟರಿಗೆ ಅನ್ನಿಸಿದರೂ, ಒಂದು ದಿನದ ಅಂತರದಲ್ಲಿ ಎರಡು ಸಲ ಮಲ ಹಿಡಿದು, ಐಸಿನಲ್ಲಿ ತಣ್ಣಗಿಟ್ಟು, ಬೆಂಗಳೂರಿನ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು ಎಂದು ಆಗ ನಿಯಮ ಬಂದಿತ್ತು. ಮುಟ್ಟಿಸುವವನು ಯಾರು? ಬಸ್ಸಿನಲ್ಲಿ ವಾಂತಿ ಮಾಡದ, ನಡುದಾರಿಯಲ್ಲಿ ಇಳಿದು ನೆಂಟರ ಮನೆಗೆ ಹೋಗದ ಒಬ್ಬ ಮನುಷ್ಯ ಬೇಕಿತ್ತು. ಹಾಗಾಗಿ ಆ ಕೆಲಸ ಹಾಲೇಶಪ್ಪನ ಪಾಲಿಗೆ ಬಂತು.

"ಏನ್ರಿ ಹಾಲೇಶಪ್ಪಾರ, ಇವತ್ತು ಐಸ್‌ಕ್ಯಾಂಡಿನೋ, ಹೊಳಿ ಮೀನೋ?" ಎಂದು ಕಂಡಕ್ಟರ್ ಪ್ರತಿ ಸಲ ಕೇಳುತ್ತಿದ್ದ.

"ಸರ್ಕಾರದ ಮಾಲಪ್ಪ. ನಿನಗ ಬ್ಯಾಡ ಅದು," ಎಂದು ಹಾಲೇಶಪ್ಪ ಪ್ರತಿ ಸಲ ಹೇಳುತ್ತಿದ್ದ.

ಒಮ್ಮೆ ಪಕ್ಕದಲ್ಲಿ ಕೂತ ಅಜ್ಜಿಯೊಬ್ಬಳು ಡಬ್ಬಿ ಮುಟ್ಟಿ ನೋಡಿ, ಆಹಾ ಎಷ್ಟು ತಣ್ಣಗಿದೆ ಎಂದು ತನ್ನ ಮೊಸರಿನ ಬುತ್ತಿಯನ್ನೂ ಒಳಗಿಡಲು ಕೊಟ್ಟಳು. ಬಿಸಿಲಿಗೆ ಹುಳಿಯಾಗುತ್ತದಂತೆ. ಬೇಡವೆಂದು ಹೇಳುವುದು ಹೇಗೆ, ಯಾಕೆ ಬೇಡವೆಂದು ಹೇಳುವುದು ಹೇಗೆ? ತುಮಕೂರಿನವರೆಗೂ ಅವಳು ಇವನನ್ನು ಜಿಪುಣ ಎಂದು ಬೈಯುತ್ತಲೇ ಬಂದಳು. ಇವನು ಬೈಸಿಕೊಳ್ಳುತ್ತಲೇ ಬಂದ.

ಹಾಲೇಶಪ್ಪನಿಗೆ ಆ ಪ್ರಯಾಣಗಳು ಇಷ್ಟವಾಗಿದ್ದವು. ಆಸ್ಪತ್ರೆಯಲ್ಲಿ ಯಾರಾದರೂ ಕೂಗುತ್ತಲೇ ಇರುತ್ತಿದ್ದರು. ಬಸ್ಸಿನಲ್ಲಿ ಕೂಗುವವರಿಲ್ಲ. ಚಿತ್ರದುರ್ಗ ದಾಟಿ ಹಿರಿಯೂರಿನ ಬಯಲು ತೆರೆದುಕೊಳ್ಳುವ ಹೊತ್ತಿಗೆ ತೊಡೆಗೆ ಐಸಿನ ತಂಪು ಇಳಿಯುತ್ತಿತ್ತು, ಮುಖಕ್ಕೆ ಬಿಸಿಗಾಳಿ ಬಡಿಯುತ್ತಿತ್ತು. ಆ ತಂಪು ಮತ್ತು ಬಿಸಿಯ ನಡುವೆ ಅವನು ಎಚ್ಚರವೂ ಅಲ್ಲದ ನಿದ್ದೆಯೂ ಅಲ್ಲದ ಒಂದು ಜಾಗಕ್ಕೆ ಹೋಗಿಬಿಡುತ್ತಿದ್ದ. ತಾನು ಎಂದೂ ಒಳಗೆ ಕಾಲಿಡದ ಪ್ರಯೋಗಾಲಯವನ್ನು ಅಲ್ಲಿ ಕಟ್ಟಿಕೊಳ್ಳುತ್ತಿದ್ದ. ಅವನ ಪ್ರಯೋಗಾಲಯಕ್ಕೆ ನೂರಾರು ಕೋಣೆ, ಎಲ್ಲ ಕೋಣೆಯಲ್ಲೂ ಬೆಳದಿಂಗಳಿನಂಥ ಬೆಳಕು. ಬಿಳಿ ಬಟ್ಟೆಯವರು ಸೀಸೆಗಳಿಗೆ ಕಿವಿಯಿಟ್ಟು ಕೇಳುತ್ತಿರುತ್ತಿದ್ದರು. ನಿಜದಲ್ಲಿ ಅವನು ಕಂಡಿದ್ದದ್ದು ಒಂದು ಕಿಟಕಿ, ಒಂದು ಕೈ, ಒಂದು ಸಹಿ ಅಷ್ಟೇ.

ಅಲ್ಲಿ ಏನು ಮಾಡುತ್ತಾರೆ ಎಂದು ಒಮ್ಮೆ ಡಾಕ್ಟರ್ ಗುರುಬಸವರಾಜರನ್ನು ಕೇಳಿದ್ದ. ಡಾಕ್ಟರು ಕೊಟ್ಟೂರಿನವರು, ವಯಸ್ಸು ಚಿಕ್ಕದು, ಹೇಳುವ ತಾಳ್ಮೆ ಇತ್ತು.

"ನೀವು ಈರುಳ್ಳಿ ಬೀಜ ಮಡಿಯಾಗ ಚೆಲ್ಲಿ ಸಸಿ ಮಾಡ್ತೀರಲ್ಲ, ಹಂಗ ನೋಡ್ರಿ. ಸೀಸೆಯಾಗ ಜೀವಕೋಶದ ಮಡಿ ಮಾಡಿರ್ತಾರ. ಅದ್ರಾಗ ಇದನ್ನ ಬಿತ್ತತಾರ. ವೈರಸ್ ಇದ್ರ ಬೆಳೀತೈತಿ, ಮಡಿ ಹಾಳಾಗ್ತೈತಿ. ಆಮ್ಯಾಲ ಅದು ಯಾವ ಜಾತಿದು ಅಂತ ಹುಡುಕ್ತಾರ."

"ಪೋಲಿಯೊ ಒಂದ ಅಲ್ಲೇನ್ರಿ ಸಾರ್ ಇರೋದು?"

"ಅದೊಂದು ದೊಡ್ಡ ಬಳಗ ರೀ. ಪೋಲಿಯೊ ಅದ್ರಾಗ ಮೂರು ಮಂದಿ ಅಣ್ತಮ್ರು. ಉಳಿದವ್ರು ಎಷ್ಟೋ ಮಂದಿ ಅದಾರ. ಊರಿಂದ ಊರಿಗೆ ಅಡ್ಡಾಡ್ಕೊಂತ ಇರ್ತಾರ. ಬಾಳ ಸಲ ಏನೂ ಮಾಡಂಗಿಲ್ಲ. ಒಮ್ಮೊಮ್ಮೆ ಒಂದು ಕೂಸಿನ ಕಾಲು ಹಿಡೀತಾರ. ಯಾವ ಸೀಮಿಯಾಗ ಈಗ ಯಾರು ಓಡ್ಯಾಡಾಕತ್ಯಾರ ಅಂತ ಕಾವಲು ಕಾಯೋದು ಅವ್ರ ಕೆಲಸ."

ಅಂದಿನಿಂದ ಹಾಲೇಶಪ್ಪನ ಕನಸಿಗೆ ಆ ಬಳಗದವರೂ ಸೇರಿಕೊಂಡರು. ಟಿಕೆಟ್ ಇಲ್ಲದೆ ಬಸ್ಸಿನ ಮೇಲೆ ಕೂತು ಸಂತೆಯಿಂದ ಸಂತೆಗೆ ಹೋಗುವ, ಮುಖ ಕಾಣದ ಜನ. ಹಗರಿಬೊಮ್ಮನಹಳ್ಳಿಯಲ್ಲಿ ಹತ್ತಿ ಹಡಗಲಿಯಲ್ಲಿ ಇಳಿಯುತ್ತಿದ್ದರು. ಅವನಿಗೆ ಅವರ ಮೇಲೆ ಸಿಟ್ಟೂ ಇರಲಿಲ್ಲ, ಭಯವೂ ಇರಲಿಲ್ಲ. ಅವರು ಬೇರೆಯವರ ಮನೆಯ ನೆಂಟರು ಅನ್ನುವ ಹಾಗೆ ಇದ್ದ.

ಬೇರೆಯವರ ಮನೆಯ ತಾಯಂದಿರು ಮಾತ್ರ ಒಂದೇ ಪ್ರಶ್ನೆ ಕೇಳುತ್ತಿದ್ದರು. ಕೂಡ್ಲಿಗಿಯ ಪಕ್ಕದ ಹಳ್ಳಿಯ ಎರ್ರಮ್ಮ ಎಂಬ ಕೂಲಿಯ ಹೆಂಗಸು ಮಗನ ಸೀಸೆಯನ್ನು ಇವನ ಕೈಗೆ ಕೊಡುವಾಗ ಕೇಳಿದ್ದಳು, "ಯಣ್ಣಾ, ನನ್ ಮಗ ಎದ್ದು ಅಡ್ಡಾಡ್ತಾನೇನು? ಇದ್ರಾಗ ಗೊತ್ತಾಗ್ತೈತೇನು?"

"ಗೊತ್ತಾಗ್ತೈತವ್ವಾ, ಎಲ್ಲಾ ಗೊತ್ತಾಗ್ತೈತಿ," ಅಂದಿದ್ದ ಹಾಲೇಶಪ್ಪ. ಅಳುವವರಿಗೆ ಏನಾದರೂ ಹೇಳಬೇಕಲ್ಲ. ಬಸ್ಸು ಊರು ದಾಟುವುದರೊಳಗೆ ಅದನ್ನು ಮರೆತೂ ಬಿಟ್ಟಿದ್ದ.

ಅವನ ಒಬ್ಬಳೇ ಮಗಳು ಪುಷ್ಪಲತಾ. ಹಡಗಲಿ ತಾಲೂಕಿನ ಮಾಗಳಕ್ಕೆ ಕೊಟ್ಟಿದ್ದರು, ಹೊಳೆದಂಡೆಯ ಊರು. ಅಳಿಯ ಬಸವೇಶ್ ಕಾಳು ವ್ಯಾಪಾರದವನು, ಒಳ್ಳೆಯವನು, ತಾಯಿಯ ಮಾತು ಮೀರದವನು. ಅವರ ಮಗಳು ಶಾಂಭವಿಗೆ ಆಗ ಎರಡು ವರ್ಷ ತುಂಬಿತ್ತು. ನಡೆಯುವುದು ಅವಳಿಗೆ ಗೊತ್ತಿರಲಿಲ್ಲ, ಗೊತ್ತಿದ್ದದ್ದು ಓಡುವುದೊಂದೇ. ಅಜ್ಜನ ಮನೆಗೆ ಬಂದರೆ ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ಓಡಿ, ಗೋಡೆಗೆ ಬಡಿದು ನಕ್ಕು, ಮತ್ತೆ ಓಡುತ್ತಿದ್ದಳು. ಅವಳನ್ನು ನೋಡುತ್ತಿದ್ದರೆ ಹಾಲೇಶಪ್ಪನಿಗೆ ಹೊಟ್ಟೆ ತುಂಬುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಪುಷ್ಪಲತಾ ಯಾರಿಗೂ ಹೇಳದೆ ಕೇಳದೆ ಬಸ್ಸಿಳಿದು ಬಂದಳು. ಮಗು ಹೆಗಲ ಮೇಲಿತ್ತು. ಎಡಗಾಲು ಒಗೆದು ಹಿಂಡಿದ ಬಟ್ಟೆಯ ಹಾಗೆ ತೂಗುತ್ತಿತ್ತು.

"ಜ್ವರ ಬಂದಿತ್ತಪ್ಪ. ಜ್ವರ ಬಿಟ್ಟ ಮ್ಯಾಲೆ ಕಾಲು ಹೋತು. ಅತ್ತಿ ಎಣ್ಣಿ ತಿಕ್ಕಿದ್ರು, ಎಲುಬು ಕಟ್ಟೋರ ಹತ್ರ ಒಯ್ದ್ರು, ಕಟ್ಟು ಹಾಕಿಸಿದ್ರು. ಎಂಟೊಂಬತ್ತು ದಿನ ಆತು. ಇನ್ನ ತಡಿಯಾಕ ಆಗ್ಲಿಲ್ಲ, ಎತ್ಕೊಂಡು ಬಂದ್ಬಿಟ್ಟೆ," ಅಂದವಳು ಹೊಸ್ತಿಲಲ್ಲೇ ಮಗುವನ್ನು ಅಪ್ಪನ ಕಡೆಗೆ ಚಾಚಿದಳು.

ಹಾಲೇಶಪ್ಪ ಮಗುವನ್ನು ಎತ್ತಿಕೊಂಡ. ಆ ಕಾಲು ಅವನ ಅಂಗೈಯಲ್ಲಿ ಭಾರವಾಗಿ, ಬೆಚ್ಚಗೆ, ಸುಮ್ಮನೆ ಇತ್ತು. ಎಷ್ಟೋ ಮಕ್ಕಳ ಸೀಸೆ ಹೊತ್ತಿದ್ದನಾದರೂ ಅಂಥ ಕಾಲನ್ನು ಅವನು ಮುಟ್ಟಿ ನೋಡಿದ್ದು ಅದೇ ಮೊದಲು.

ಡಾಕ್ಟರು ಬಂದು ಮೊಣಕಾಲು ತಟ್ಟಿ ನೋಡಿದರು, ಅಂಗಾಲು ಗೀರಿ ನೋಡಿದರು. "ಪೋಲಿಯೊನೋ ಬ್ಯಾರೇನೋ, ಈಗ ಹೇಳಾಕ ಬರಂಗಿಲ್ಲ. ಎರಡು ವಾರ ದಾಟಿದ್ರ ಮಲದಾಗ ವೈರಸ್ ಸಿಗೋದು ಕಷ್ಟ ಹಾಲೇಶಪ್ಪಾರ. ಬೇಗ ಹಿಡೀರಿ. ಹೆಂಗ ಹಿಡೀಬೇಕು ಅಂತ ನಿಮಗ ನಾನು ಹೇಳೋದೈತೇನು?" ಅಂದರು.

ಹೇಳುವುದೇನಿರಲಿಲ್ಲ. ಆದರೆ ಮಗುವಿಗೆ ಹೊಟ್ಟೆ ಕಟ್ಟಿತ್ತು. ಎರಡು ದಿನ ಆ ಮನೆಯಲ್ಲಿ ನಡೆದದ್ದು ಒಂದೇ ಕೆಲಸ, ಕಾಯುವುದು. ಒಣದ್ರಾಕ್ಷಿ ನೆನೆಸಿ ಕುಡಿಸಿದರು, ಪಪ್ಪಾಯಿ ತಿನ್ನಿಸಿದರು, ಹೊಟ್ಟೆ ನೀವಿದರು. ಹಾಲೇಶಪ್ಪನ ಹೆಂಡತಿ ನಾಗಲಿಂಗಮ್ಮ ಗಂಟೆಗೊಮ್ಮೆ ಹಿತ್ತಲ ಬೇವಿನ ಮರದಡಿ ಕಾಲು ಚಾಚಿ ಕೂತು, ಎರಡು ಪಾದದ ನಡುವೆ ಮಗುವನ್ನು ಕೂರಿಸಿ, ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, "ಮಾಡವ್ವಾ ನನ್ನ ಬಂಗಾರ, ಮಾಡು" ಎಂದು ಪುಸಲಾಯಿಸುತ್ತಿದ್ದಳು. ಎಡಗಾಲು ನಿಲ್ಲದೆ ಜಾರಿಹೋಗುತ್ತಿತ್ತು. ಪುಷ್ಪಲತಾ ಅದನ್ನು ಕೈಯಲ್ಲಿ ಹಿಡಿದು ಮಡಿಸಿ ಇಡುತ್ತಿದ್ದಳು. ನೆರೆಮನೆಯವರು ಗೋಡೆಯಾಚೆಯಿಂದ "ಆತೇನ್ರಿ?" ಎಂದು ಕೇಳುವುದು, ಇವರು "ಇನ್ನ ಇಲ್ರಿ" ಅನ್ನುವುದು. ಒಂದು ಕೂಸಿನ ಕಕ್ಕಕ್ಕೆ ಇಡೀ ಓಣಿ ಹೀಗೆ ಕಾದದ್ದು ಕೂಡ್ಲಿಗಿಯಲ್ಲಿ ಬೇರೆ ಯಾವತ್ತೂ ಇರಲಿಕ್ಕಿಲ್ಲ.

ಮೂರನೆಯ ಬೆಳಿಗ್ಗೆ ಆಯಿತು.

"ಆತ್ರಿ! ಬರ್ರಿ!" ಎಂದು ನಾಗಲಿಂಗಮ್ಮ ಕೂಗಿದಳು. ಹಾಲೇಶಪ್ಪ ಸೀಸೆ, ಚಮಚ, ಕೈಗವಸು ತರಲು ಒಳಗೆ ಓಡಿದ. ಪುಷ್ಪಲತಾ ಮಗುವನ್ನೆತ್ತಿಕೊಂಡು ತೊಳೆಯಲು ಬಚ್ಚಲಿಗೆ ಹೋದಳು. ಹಾಲೇಶಪ್ಪ ಮರಳಿ ಬರುವಷ್ಟರಲ್ಲಿ ನಾಗಲಿಂಗಮ್ಮ, ಒಲೆಯ ಪಕ್ಕದ ತಗಡಿನ ಡಬ್ಬದಿಂದ ಒಂದು ಬೊಗಸೆ ಬೂದಿ ತಂದು ಅದರ ಮೇಲೆ ಸುರಿದು ನಿಂತಿದ್ದಳು.

ಕೂಸು ಕಕ್ಕ ಮಾಡಿದರೆ ಬೂದಿ ಹಾಕುವುದು ಈ ಸೀಮೆಯಲ್ಲಿ ಯಾರೂ ಯಾರಿಗೂ ಕಲಿಸುವ ವಿಷಯವಲ್ಲ. ನೊಣ ಕೂರುವುದಿಲ್ಲ, ಕೆಟ್ಟ ಕಣ್ಣು ಬೀಳುವುದಿಲ್ಲ, ಎತ್ತಿ ಹಾಕಲು ಸಲೀಸು. ಹಳ್ಳಿಹಳ್ಳಿಗೆ ಹೋಗಿ "ಬೂದಿ ಹಾಕಬ್ಯಾಡ್ರವ್ವಾ, ಅಷ್ಟು ನೆಪ್ಪಿಟ್ಕೊಳ್ರಿ" ಎಂದು ಬಾಯಿ ನೋಯುವಂತೆ ಹೇಳಿ ಬರುತ್ತಿದ್ದ ಹಾಲೇಶಪ್ಪ, ತನ್ನ ಮನೆಯಲ್ಲಿ ಅದನ್ನು ಹೇಳಿರಲಿಲ್ಲ. ತನ್ನ ಹೆಂಡತಿಗೆ ಗೊತ್ತಿರುತ್ತದೆ ಎಂದುಕೊಂಡಿದ್ದ.

"ಏನ್ ಮಾಡಿದೆಲೇ!" ಎಂದು ಅವನು ಕೂಗಿದ ಕೂಗಿಗೆ ಬೇವಿನ ಮರದ ಕಾಗೆಗಳು ಎದ್ದುಹೋದವು. ಮದುವೆಯಾದಾಗಿನಿಂದ ಅವನು ಹಾಗೆ ಕೂಗಿದ್ದಿಲ್ಲ.

ನಾಗಲಿಂಗಮ್ಮ ತನ್ನ ಬೂದಿಯ ಕೈಯನ್ನು ನೋಡಿಕೊಂಡಳು. "ಕೈ ತಾನ ಹೋತ್ರಿ," ಅಂದಳು. "ಪುಷ್ಪಾಗೂ ಹಿಂಗ ಹಾಕಿದ್ದೆ. ನನಗ ಗೊತ್ತಾಗ್ಲಿಲ್ಲ... ಕೈ ತಾನ ಹೋತು." ಹೇಳುತ್ತ ಹೇಳುತ್ತ ಅಲ್ಲೇ ಕೂತು ಅಳತೊಡಗಿದಳು.

ಹಾಲೇಶಪ್ಪ ಚಮಚ ಹಿಡಿದು ಬಗ್ಗಿ ನೋಡಿದ. ಅಡಿಯ ಭಾಗ ಚೆನ್ನಾಗೇ ಇದ್ದ ಹಾಗಿತ್ತು. ಮೇಲಿನದನ್ನು ಸರಿಸಿ ಅಡಿಯದನ್ನು ತುಂಬಿದರೆ ಯಾರಿಗೆ ಗೊತ್ತಾಗುತ್ತದೆ? ದಿನ ಕಳೆಯುತ್ತಿದೆ. ಹೊಟ್ಟೆ ಮತ್ತೆ ಕಟ್ಟಿದರೆ ಗತಿ ಏನು? ಕೈ ಮುಂದೆ ಹೋಯಿತು. ಹೋದ ಕೈ ಅರ್ಧದಲ್ಲಿ ನಿಂತಿತು. ಬೆಂಗಳೂರಿನವರು ಏನೂ ಸಿಗಲಿಲ್ಲ ಎಂದು ಬರೆದು ಕಳಿಸುತ್ತಾರೆ. ನಿಜಕ್ಕೂ ಏನೂ ಇರಲಿಲ್ಲವೋ, ಇದ್ದ ವೈರಸ್ಸನ್ನು ಬೂದಿ ಕೊಂದಿತ್ತೋ, ಬದುಕಿರುವವರೆಗೂ ತನಗೆ ಗೊತ್ತಾಗುವುದಿಲ್ಲ. ಮೊಮ್ಮಗಳ ಕಾಲನ್ನು ನೋಡಿದಾಗಲೆಲ್ಲ ಆ ಸಂಶಯ ಮನೆಯೊಳಗೆ ಕೂತಿರುತ್ತದೆ. ಅದನ್ನು ತಾಳಿಕೊಳ್ಳಲು ತನ್ನಿಂದ ಆಗದು ಅನ್ನಿಸಿತು. ಹಾಳೆಯನ್ನು ಹಾಗೇ ಮಡಚಿ ಎಸೆದು ಡಾಕ್ಟರ ಬಳಿ ಹೋಗಿ ನಡೆದದ್ದನ್ನು ಹೇಳಿದ.

"ಸರಿ ಮಾಡಿದ್ರಿ. ಬ್ಯಾರೆ ಹಿಡೀರಿ. ಇನ್ನೂ ಎರಡ್ಮೂರು ದಿನ ಐತಿ," ಅಂದರು ಡಾಕ್ಟರು. ನಗಲಿಲ್ಲ, ಬೈಯಲಿಲ್ಲ.

ಅಂದು ನಾಗಲಿಂಗಮ್ಮ ಬೂದಿಯ ಡಬ್ಬವನ್ನು ಹೊತ್ತುಕೊಂಡು ಹೋಗಿ ಪಕ್ಕದ ಮನೆಯಲ್ಲಿಟ್ಟು ಬಂದಳು. ತನ್ನ ಕೈಯನ್ನು ತಾನೇ ನಂಬಲಾರೆ ಎಂದಳಂತೆ. ಮಗು ಮತ್ತೆ ಕೂತಾಗ ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂರುತ್ತಿದ್ದಳು. ಮಾರನೆಯ ದಿನ ಒಂದು, ಅದರ ಮಾರನೆಯ ದಿನ ಇನ್ನೊಂದು, ಎರಡು ಸೀಸೆ ತುಂಬಿದವು.

ಆಸ್ಪತ್ರೆಯ ಇನ್ನೊಬ್ಬ ಅಟೆಂಡರ್ ಚೌಡಣ್ಣ, "ಈ ಸಲ ನಾ ಹೋಗ್ತೀನಿ ಬಿಡ್ರಣ್ಣ, ನೀವು ಮನಿಯಾಗಿರ್ರಿ," ಅಂದ. ಹಾಲೇಶಪ್ಪ ಒಪ್ಪಲಿಲ್ಲ. ಬೆಳಗಿನ ಬಸ್ಸಿನಲ್ಲಿ ಅದೇ ಸೀಟು ಹಿಡಿದು, ಡಬ್ಬಿಯನ್ನು ತೊಡೆಯ ಮೇಲಿಟ್ಟು, ಎರಡೂ ಕೈಯಲ್ಲಿ ಅಪ್ಪಿ ಕೂತ. ಕಂಡಕ್ಟರ್ ಮುಖ ನೋಡಿ ಏನೂ ಕೇಳದೆ ಟಿಕೆಟ್ ಹರಿದು ಕೊಟ್ಟ.

ಹಿರಿಯೂರಿನ ಬಯಲಿನಲ್ಲಿ ಎಂದಿನಂತೆ ಕಣ್ಣು ಎಳೆಯಿತು. ಮಾಗಳದ ಹೊಳೆ ಕಂಡಿತು. ನೀರು ಕಡಿಮೆ, ಮರಳು ಬಹಳ, ಎಲ್ಲ ಕಡೆ ಹಾಲಿನಂಥ ಬೆಳಕು. ಮರಳಿನ ಮೇಲೆ ಮಕ್ಕಳು ಸಾಲಾಗಿ ಕೂತಿದ್ದರು, ಇಷ್ಟು ವರ್ಷ ಇವನು ಹೊತ್ತ ಡಬ್ಬಿಗಳ ಮಕ್ಕಳೆಲ್ಲ. ಯಾರಿಗೂ ಮುಖವಿರಲಿಲ್ಲ. ಅವನು ಯಾರ ಮುಖವನ್ನೂ ಸರಿಯಾಗಿ ನೋಡಿರಲೇ ಇಲ್ಲವಲ್ಲ. ಮುಖ ಇದ್ದದ್ದು ಕೊನೆಯಲ್ಲಿ ಕೂತ ಒಂದಕ್ಕೇ. ಅದು ಎರಡೂ ಕೈ ಚಾಚಿ ಎತ್ತಿಕೋ ಎನ್ನುತ್ತಿತ್ತು. ಇವನು ಓಡಲು ನೋಡಿದ, ಕಾಲು ಮರಳಿನಲ್ಲಿ ಹೂತುಹೋದವು. ಬಸ್ಸು ಬ್ರೇಕ್ ಹಾಕಿ ಎಚ್ಚರವಾದಾಗ ಕೆನ್ನೆ ಒದ್ದೆಯಾಗಿತ್ತು. ಪಕ್ಕದವರು ನೋಡಿದರೋ ಇಲ್ಲವೋ ಅವನಿಗೆ ಅದರ ಪರಿವೆ ಇರಲಿಲ್ಲ.

ಪ್ರಯೋಗಾಲಯದ ಕಿಟಕಿಯಲ್ಲಿ ಬಿಳಿ ಕೋಟಿನ ಒಬ್ಬ ಹುಡುಗಿ ಡಬ್ಬಿ ತೆಗೆದುಕೊಂಡು, ಐಸ್ ಇನ್ನೂ ಗಟ್ಟಿಯಾಗಿದೆಯೇ ನೋಡಿ, ಸಹಿ ಹಾಕಿದಳು. ಹಾಲೇಶಪ್ಪ ಹೋಗಲಿಲ್ಲ.

"ಇನ್ನೇನಾದ್ರೂ ಬೇಕಾಗಿತ್ತಾ?" ಎಂದಳು.

"ತಂಗೀ, ಈ ಕೂಸು ಎದ್ದು ಅಡ್ಡಾಡ್ತೈತೇನವ್ವಾ? ಇದ್ರಾಗ ಗೊತ್ತಾಗ್ತೈತೇನು?"

ಹುಡುಗಿ ಪೆನ್ನು ಕೆಳಗಿಟ್ಟಳು. "ಅದು ನಮಗೆ ಗೊತ್ತಾಗಲ್ಲ. ಯಾವ ವೈರಸ್ ಇದೆ ಅಂತ ಮಾತ್ರ ನಾವು ಹೇಳಬಹುದು. ನಿಮ್ಮ ಕಡೆ ಯಾವುದು ಓಡಾಡ್ತಿದೆ ಅಂತ ಗೊತ್ತಾದ್ರೆ ಬೇರೆ ಮಕ್ಕಳನ್ನ ಉಳಿಸಬಹುದು. ಈ ಮಗು ಕಾಲು... ಅದು ಇಲ್ಲಿ ಕಾಣಲ್ಲ." ಆಮೇಲೆ ಮೆಲ್ಲಗೆ ಕೇಳಿದಳು, "ನಿಮ್ಮ ಮನೆ ಮಗೂನಾ?"

"ಮೊಮ್ಮಗಳು."

ಅವಳು ಏನೆಂದುಕೊಂಡಳೋ, ಪಕ್ಕದ ಬಾಗಿಲಿನ ಗಾಜಿನ ಕಡೆ ಕೈ ತೋರಿಸಿ, "ಹೊರಗಿಂದಲೇ ನೋಡಿ," ಅಂದಳು. ಹಾಲೇಶಪ್ಪ ಗಾಜಿಗೆ ಮುಖ ಹಚ್ಚಿ ನೋಡಿದ. ನೂರಾರು ಕೋಣೆ ಇರಲಿಲ್ಲ. ಒಂದು ಕೋಣೆ, ಟ್ಯೂಬ್‌ಲೈಟು, ಹಲಗೆಯ ಮೇಲೆ ಸಾಲಾಗಿ ಮಗ್ಗುಲಾಗಿ ಮಲಗಿಸಿದ ಚಪ್ಪಟೆ ಸೀಸೆಗಳು. ಒಳಗೆ ತಿಳಿಗುಲಾಬಿ ಬಣ್ಣದ ನೀರು. ನಿದ್ದೆ ಹೋದ ಕೂಸುಗಳನ್ನು ನೋಡುವಂತೆ ಅವನು ಬಹಳ ಹೊತ್ತು ನೋಡಿದ. ತನ್ನ ಶಾಂಭವಿಯದನ್ನೂ ಇಲ್ಲಿ ಮಲಗಿಸುತ್ತಾರೆ. ಎಲ್ಲ ಗೊತ್ತಾಗುತ್ತದೆ ಎಂದು ಎಷ್ಟು ತಾಯಂದಿರಿಗೆ ಹೇಳಿದ್ದೆ ಎಂಬುದು ಆಗ ನೆನಪಾಗಿ, ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

ಮರಳಿ ಬಂದ ಮೇಲೆ, ಒಂದು ಭಾನುವಾರ, ಎರ್ರಮ್ಮನ ಹಳ್ಳಿಗೆ ಹೋದ. ಅವಳು ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದಳು. ಹುಡುಗ ಮೇಕೆಮರಿಯ ಹಿಂದೆ ಹೋಗುತ್ತಿದ್ದ, ಒಂದು ಕಾಲನ್ನು ಸ್ವಲ್ಪ ಎಳೆದುಕೊಂಡು.

"ಇವನಿಗೆ ಪೋಲಿಯೊ ಅಲ್ಲ ಅಂತ ಬಂತು ಯಣ್ಣಾ," ಅಂದಳು ಎರ್ರಮ್ಮ. "ಅಲ್ಲ ಅಂದ್ರೂ ಕಾಲು ಇಷ್ಟ ಬಂತು ನೋಡು, ಪೂರಾ ಬರ್ಲಿಲ್ಲ. ಈಗ ಕೇಳಾಕ ಬಂದ್ಯಾ?"

"ಈಗ ಬಂದೆ ತಂಗಿ," ಅಂದ ಹಾಲೇಶಪ್ಪ. ಎರ್ರಮ್ಮ ಸಿಟ್ಟು ಮಾಡಲಿಲ್ಲ, ಒಂದು ಬೊಗಸೆ ಹಸಿ ಶೇಂಗಾ ಅವನ ಟವಲಿಗೆ ಸುರಿದಳು. ಅವನು ಅದನ್ನು ತಿನ್ನಲಾರದೆ ದಾರಿಯುದ್ದಕ್ಕೂ ಹಿಡಿದುಕೊಂಡೇ ಬಂದ.

ವಾರಗಳು ಕಳೆದು ವರದಿ ಬಂತು. ಡಾಕ್ಟರು ಅವನನ್ನು ಒಳಗೆ ಕರೆದು ಕುರ್ಚಿ ತೋರಿಸಿದರು. ಅಷ್ಟು ವರ್ಷದಲ್ಲಿ ಆ ಕುರ್ಚಿಯಲ್ಲಿ ಅವನು ಕೂತಿರಲಿಲ್ಲ.

"ಪೋಲಿಯೊ ಅಲ್ಲ ಹಾಲೇಶಪ್ಪಾರ. ಅದ ಬಳಗದ ಬ್ಯಾರೆ ಒಂದು ವೈರಸ್ ಬೆಳದೈತಿ. ಸರಿಯಾದ ಸ್ಯಾಂಪಲ್ ಕೊಟ್ಟಿದ್ರಿ, ಅದಕ್ಕ ಸಿಕ್ತು."

"ಕಾಲು ಬರ್ತೈತೇನ್ರಿ ಸಾರ್?"

ಡಾಕ್ಟರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. "ಬರಬಹುದು. ಇಂಥವ್ರಾಗ ಬಾಳ ಮಂದಿಗೆ ಬರ್ತೈತಿ. ಬಂದ ಬರ್ತೈತಿ ಅಂತ ಹೇಳಿದ್ರ ನಾನು ಸುಳ್ಳುಗಾರ ಆಗ್ತೀನಿ."

ಆ ಮಾತನ್ನು ಹಾಲೇಶಪ್ಪ ಹಾಗೇ, ಏನೂ ಸೇರಿಸದೆ, ಮನೆಯಲ್ಲಿ ಹೇಳಿದ. ಪುಷ್ಪಲತಾ ಕೇಳಿಸಿಕೊಂಡು ಒಳಗೆ ಹೋದಳು. ಬಸವೇಶ್ ಪ್ರತಿ ವಾರ ಮಾಗಳದಿಂದ ಬಂದು, ಮಗಳನ್ನು ಎತ್ತಿಕೊಂಡು ಬೀದಿ ಸುತ್ತಿಸಿ, ಸಪ್ಪೆ ಮುಖ ಮಾಡಿಕೊಂಡು ಹೋಗುತ್ತಿದ್ದ. ಡಾಕ್ಟರು ಕಲಿಸಿಕೊಟ್ಟಂತೆ ದಿನಕ್ಕೆರಡು ಸಲ ಕಾಲನ್ನು ಮಡಿಸುವುದು, ಚಾಚುವುದು. ಮಡಿಸಿದರೆ ಮಡಿಸಿದಂತೆ, ಚಾಚಿದರೆ ಚಾಚಿದಂತೆ ಅದು ಇರುತ್ತಿತ್ತು. ಓಡುವ ಮಗು ಕೂತಲ್ಲೇ ತೆವಳುವುದನ್ನು ಕಲಿಯಿತು. ನಾಗಲಿಂಗಮ್ಮ ಆ ಕಾಲಿಗೆ ಬೆಳ್ಳಿಯ ಗೆಜ್ಜೆ ಹಾಕಲು ತೆಗೆದವಳು, ಯಾಕೋ ಮನಸ್ಸು ಬಾರದೆ ಮತ್ತೆ ಪೆಟ್ಟಿಗೆಯಲ್ಲಿಟ್ಟಳು.

ಹೀಗೇ ದಿನಗಳು ಒಂದರೊಳಗೊಂದು ಬೆರೆತುಹೋದವು. ಚಳಿ ಕಳೆದು ಬೇವು ಎಲೆ ಉದುರಿಸುವ ಕಾಲ. ಒಂದು ರಜೆಯ ಮಧ್ಯಾಹ್ನ ಊಟ ಮುಗಿಸಿ ಹಾಲೇಶಪ್ಪ ಪಡಸಾಲೆಯ ತಣ್ಣನೆಯ ಕಲ್ಲುಹಾಸಿನ ಮೇಲೆ ಮಲಗಿದ್ದ. ಪಕ್ಕದಲ್ಲಿ ಮೊಮ್ಮಗಳು ಬೆರಳು ಚೀಪುತ್ತಾ ಮಲಗಿತ್ತು. ಕಲ್ಲಿನ ತಂಪು ಮೈಗೆ ಇಳಿದು, ಬಸ್ಸು ಹೊರಟಿತು. ಹಿರಿಯೂರಿನ ಬಯಲು ಬಂತು. ಬಸ್ಸಿನ ತುಂಬ ಮಕ್ಕಳು, ಎಲ್ಲ ಸೀಟಿನಲ್ಲೂ ಮಕ್ಕಳು, ಟಿಕೆಟ್ ಟಿಕೆಟ್ ಎಂದು ಕಂಡಕ್ಟರ್ ಇವನ ಪಕ್ಕೆಗೆ ತಿವಿದ. ಕೊಟ್ಟೀನಲ್ಲೋ ಅಂದ. ಕಂಡಕ್ಟರ್ ಮತ್ತೆ ತಿವಿದ.

ಹಾಲೇಶಪ್ಪ ಒಂದು ಕಣ್ಣನ್ನು ಕೂದಲೆಳೆಯಷ್ಟು ತೆರೆದ. ಮಗು ಅಂಗಾತ ಮಲಗಿ ಸೂರು ನೋಡುತ್ತಿತ್ತು. ಬಲಗಾಲನ್ನು ಮಡಿಸಿ ಕೈಯಲ್ಲಿ ಹಿಡಿದುಕೊಂಡಿತ್ತು, ಅದರ ಹೆಬ್ಬೆರಳ ಜೊತೆ ಆಟ ನಡೆದಿತ್ತು. ಹಾಗಾದರೆ ತಿವಿದದ್ದು?

ನಾಗಲಿಂಗಮ್ಮನನ್ನು ಕೂಗಬೇಕು ಅನ್ನಿಸಿತು. ಪುಷ್ಪಾ ಎಂದು ಅರಚಬೇಕು ಅನ್ನಿಸಿತು. ಆದರೆ ಕೂಗಿದರೆ ಕನಸು ಒಡೆದುಹೋಗುತ್ತದೆಯೋ ಏನೋ ಎಂದು ಹೆದರಿದ. ಕಣ್ಣು ಬಿಗಿಯಾಗಿ ಮುಚ್ಚಿ, ಪಕ್ಕೆಯನ್ನು ಅವಳ ಕಡೆಗೆ ಒಂದು ಬೆರಳಷ್ಟು ಸರಿಸಿ, ಇನ್ನೊಂದು ಒದೆ ಬೀಳಲಿ ಎಂದು ಉಸಿರು ಬಿಗಿಹಿಡಿದು ಕಾದ.

ಬಿತ್ತು.